ಬಿಡುಗಡೆಯ ಕಾಗದ: ಭಾರತೀಯ ಸಿಪಾಯಿಯ ಬದುಕಿನಲ್ಲಿ ಒಂದು ದಾಖಲೆಯ ಚರಿತ್ರೆ

ಕರ್ನಾಟಕದ ಇತಿಹಾಸ ಮತ್ತು ಜಾನಪದ ಸಂಶೋಧನೆಯಲ್ಲಿ ವೀರಗಲ್ಲುಗಳ ಅಧ್ಯಯನಕ್ಕೆ ಗಟ್ಟಿಯಾದ ನೆಲೆಯಿದೆ. ಕಾಳಗದಲ್ಲಿ, ತುರುಗೋಳಿನಲ್ಲಿ, ಊರಳಿವಿನಲ್ಲಿ ಮಡಿದವರ ನೆನಪನ್ನು ಈ ನಾಡು ಕಲ್ಲಿನಲ್ಲಿ ಕಡೆದು ಊರ ಮುಂದೆ ನಿಲ್ಲಿಸಿತು. ಆದರೆ ದಂಡಿಗೆ ಹೋಗಿ ಬದುಕಿ ಮರಳಿದವರೂ ಇದ್ದರು. ಅವರ ಸೇವೆಗೆ ಗುರುತು ಯಾವುದು, ಅದನ್ನು ಯಾರು ಕೊಡುತ್ತಿದ್ದರು, ಊರು ಅದನ್ನು ಹೇಗೆ ಗ್ರಹಿಸುತ್ತಿತ್ತು ಎಂಬ ಪ್ರಶ್ನೆಗಳು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಆಧುನಿಕ ಕಾಲದಲ್ಲಿ ಈ ಗುರುತು ಒಂದು ಕಾಗದದ ರೂಪ ತಾಳಿತು. ಸೈನಿಕರ ಮನೆಗಳಲ್ಲಿ 'ಡಿಸ್ಚಾರ್ಜ್ ಬುಕ್' ಎಂದು ಕರೆಯಲಾಗುವ ಬಿಡುಗಡೆ ಪುಸ್ತಕ ಮತ್ತು ಅದರೊಡನೆ ಬರುವ ಪ್ರಮಾಣಪತ್ರಗಳು ಮೇಲುನೋಟಕ್ಕೆ ಕಚೇರಿಯ ಒಣ ದಾಖಲೆಗಳು. ಆದರೆ ಪಿಂಚಣಿ, ಉದ್ಯೋಗ, ಚಿಕಿತ್ಸೆ, ವಿಧವೆಯ ಜೀವನೋಪಾಯ, ಊರಿನ ಮರ್ಯಾದೆ ಇವೆಲ್ಲವೂ ಅದರ ಒಂದೆರಡು ಸಾಲುಗಳನ್ನು ಅವಲಂಬಿಸಿವೆ. ಆ ಸಾಲುಗಳನ್ನು ಬರೆಯುವ ಅಧಿಕಾರ ಸೇನೆಯದು; ಅವುಗಳನ್ನು ಜೀವನಪೂರ್ತಿ ಹೊರುವ ಹೊಣೆ ಸಿಪಾಯಿಯದು. ಈ ಅಂತರದಲ್ಲಿ ನಡೆದ ಎಳೆದಾಟವೇ ಬಿಡುಗಡೆ ಕಾಗದದ ನಿಜವಾದ ಚರಿತ್ರೆ ಎಂಬುದನ್ನು ಪ್ರಸ್ತುತ ಪ್ರಬಂಧವು ವಿವೇಚಿಸುತ್ತದೆ.

ಕಲ್ಲಿನಿಂದ ಕಾಗದಕ್ಕೆ

ಬದುಕುಳಿದ ಯೋಧನಿಗೆ ಸಂದ ಗೌರವದ ದಾಖಲೆಗಳು ಕನ್ನಡ ಶಾಸನಗಳಲ್ಲಿ ಇಲ್ಲವೆಂದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. 949-50ರ ಶಾಸನವು ಇದಕ್ಕೆ ಪ್ರಸಿದ್ಧ ನಿದರ್ಶನ. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೆರನು ಕಾಳಿಯೆಂಬ ನಾಯಿಯನ್ನು ಮೆಚ್ಚಿನ ಕೊಡುಗೆಯಾಗಿ ಪಡೆದ ಸಂಗತಿ ಎಲ್ಲರಿಗೂ ತಿಳಿದದ್ದು. ಅದೇ ಶಾಸನವು ಗಂಗ ಬೂತುಗನು ಅವನಿಗೆ ಊರುಗಳನ್ನು 'ಬಾಳ್ಗಚ್ಚು' ಆಗಿ ಕೊಟ್ಟುದನ್ನೂ ಹೇಳುತ್ತದೆ. ಬಾಳ್ಗಚ್ಚು ಎಂದರೆ ಬಾಳನ್ನು, ಅಂದರೆ ಕತ್ತಿಯನ್ನು ತೊಳೆದು ಕೊಡುವ ದತ್ತಿ. ಕಾಳಗ ಮುಗಿಯಿತು, ಕತ್ತಿಯ ನೆತ್ತರು ತೊಳೆಯಿತು, ಇನ್ನು ಯೋಧನು ನೆಲದ ಒಡೆಯನಾಗಿ ಬಾಳಬಹುದು ಎಂಬ ಅರ್ಥ ಆ ಮಾತಿನಲ್ಲಿ ಅಡಗಿದೆ. ಇಲ್ಲಿ ಒಡೆಯ ಮತ್ತು ಯೋಧರ ಸಂಬಂಧ ನೇರವಾದುದು. ಸೇವೆಗೆ ಸಾಕ್ಷಿ ಕಲ್ಲು, ಪ್ರತಿಫಲ ನೆಲ.

ಜನಪದ ಸಾಹಿತ್ಯದಲ್ಲಿ ಚಿತ್ರ ಬೇರೆ. 'ಕೆರೆಗೆ ಹಾರ' ಕಥನಗೀತೆಯ ಮಾದೇವರಾಯನು ದಂಡಿನಲ್ಲಿದ್ದಾಗ ಕೆಟ್ಟ ಕನಸು ಕಂಡು ಕುದುರೆಯೇರಿ ಮನೆಗೆ ಧಾವಿಸುತ್ತಾನೆ. ಅವನು ಯಾರ ಅಪ್ಪಣೆಯನ್ನೂ ಬೇಡುವುದಿಲ್ಲ; ಅವನನ್ನು ಯಾರೂ ತಡೆಯುವುದೂ ಇಲ್ಲ. ದಂಡಿಗೂ ಮನೆಗೂ ನಡುವೆ ಆ ಹಾಡಿನಲ್ಲಿ ಇರುವುದು ದಾರಿ ಮಾತ್ರ. ಆಧುನಿಕ ಸೇನೆಯಲ್ಲಿ ಹೀಗೆ ಹೊರಟವನು ಅಪ್ಪಣೆಯಿಲ್ಲದೆ ಗೈರುಹಾಜರಾದವನು, ಮರಳದಿದ್ದರೆ ಪಲಾಯನಗೈದವನು. ಮನೆ ಮತ್ತು ದಂಡಿನ ನಡುವೆ ಕಾಗದವೊಂದು ಬಂದು ನಿಂತದ್ದು ಸಿಪಾಯಿಯ ಬದುಕಿನಲ್ಲಿ ಆದ ದೊಡ್ಡ ಪಲ್ಲಟ.

ಈ ಪಲ್ಲಟ ವಸಾಹತು ಸೇನೆಗಳ ಕಾಲದ್ದು. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿ ಪ್ರತಿಯೊಬ್ಬ ಸಿಪಾಯಿಯ ಹೆಸರು ಪಟ್ಟಿಯಲ್ಲಿ ಏರುತ್ತಿತ್ತು. ಸೇವೆ ಮುಗಿದಾಗ ಅದನ್ನು ಪಟ್ಟಿಯಿಂದ ತೆಗೆಯಲಾಗುತ್ತಿತ್ತು. ಸೇವೆಯಿಂದ ಹೊರಬೀಳುವುದಕ್ಕೆ ಹಿಂದೂಸ್ತಾನಿ ಸಿಪಾಯಿಗಳ ಮಾತಿನಲ್ಲಿ 'ನಾಮ್ ಕಟ್‌ನಾ', ಅಂದರೆ ಹೆಸರು ಕತ್ತರಿಸುವುದು ಎಂಬ ನುಡಿ ಬಳಕೆಯಾಯಿತು. ವ್ಯಕ್ತಿಯೇ ಹೆಸರು, ಹೆಸರೇ ಪಟ್ಟಿ ಎಂಬ ಹೊಸ ಅನುಭವವನ್ನು ಈ ನುಡಿಗಟ್ಟು ಸಮರ್ಥವಾಗಿ ಹಿಡಿದಿಟ್ಟಿದೆ. ಇಂಗ್ಲಿಷಿನ ಪೆನ್ಷನ್ ಕನ್ನಡದಲ್ಲಿ 'ಪಿಂಚಣಿ'ಯಾಗಿ, ಅದನ್ನು ಪಡೆಯುವವನು 'ಪಿಂಚಣಿದಾರ'ನಾಗಿ ನೆಲೆಯೂರಿದ್ದೂ ಇಂಥ ಹೊಸ ಅನುಭವದ ಫಲವೇ.

ಹೆಸರು ಕತ್ತರಿಸುವ ಕ್ರಿಯೆ ಒಂದೇ ಆದರೂ ಅದರ ಬಗೆಗಳು ಬೇರೆ ಬೇರೆ ಎಂಬುದನ್ನು 1857ರ ಎರಡು ಘಟನೆಗಳು ಸ್ಪಷ್ಟಪಡಿಸುತ್ತವೆ. ಆ ವರ್ಷದ ಮಾರ್ಚ್ 31ರಂದು ಬ್ಯಾರಕ್‌ಪುರದಲ್ಲಿ ಬಂಗಾಳ ಸೇನೆಯ 19ನೆಯ ದೇಶೀ ಕಾಲಾಳು ಪಡೆಯನ್ನು ನಿಶ್ಶಸ್ತ್ರಗೊಳಿಸಿ ವಿಸರ್ಜಿಸಲಾಯಿತು. ಆದರೆ ಆ ಸಿಪಾಯಿಗಳಿಗೆ ಬಾಕಿ ಸಂಬಳ ಕೊಟ್ಟು, ಸಮವಸ್ತ್ರವನ್ನು ಉಳಿಸಿಕೊಳ್ಳಲು ಬಿಟ್ಟು, ಊರಿಗೆ ಕಳುಹಿಸುವ ವ್ಯವಸ್ಥೆ ಮಾಡಲಾಯಿತು. ಮೇ 6ರಂದು ಅಲ್ಲಿಯೇ 34ನೆಯ ಪಡೆಯ ಕಂಪನಿಗಳನ್ನು ವಿಸರ್ಜಿಸಿದಾಗ ಸಿಪಾಯಿಗಳ ಸಮವಸ್ತ್ರವನ್ನೂ ಕಳಚಿಸಲಾಯಿತು. ಮೊದಲನೆಯವರು ಸೇವೆ ಕಳೆದುಕೊಂಡರು. ಎರಡನೆಯವರು ಸೇವೆಯ ಜೊತೆಗೆ ಊರಿನವರ ಕಣ್ಣೆದುರು ತೋರಿಸಬಹುದಾಗಿದ್ದ ಗುರುತನ್ನೂ ಕಳೆದುಕೊಂಡರು. ಬಿಡುಗಡೆ ಮತ್ತು ವಜಾ ಎಂಬ ಎರಡು ಪದಗಳ ನಡುವಿನ ವ್ಯತ್ಯಾಸ ಮೈಮೇಲಿನ ಬಟ್ಟೆಯ ಮೂಲಕವೇ ವ್ಯಕ್ತವಾದ ಸಂದರ್ಭವಿದು. ಮುಂದೆ ಬಟ್ಟೆಯ ಕೆಲಸವನ್ನು ಕಾಗದ ವಹಿಸಿಕೊಂಡಿತು.

ಕಾಯಿದೆಯ ಮಾತು, ಮಾತೃಭಾಷೆಯ ಮಾತು

ಸ್ವತಂತ್ರ ಭಾರತದಲ್ಲಿ 1911ರ ಇಂಡಿಯನ್ ಆರ್ಮಿ ಕಾಯಿದೆಯ ಸ್ಥಾನದಲ್ಲಿ 1950ರ ಸೇನಾ ಕಾಯಿದೆ ಬಂದಿತು. ಅದರ 23ನೆಯ ಪ್ರಕರಣವು ಬಿಡುಗಡೆ ಪ್ರಮಾಣಪತ್ರಕ್ಕೆ ಸಂಬಂಧಿಸಿದುದು. ವಜಾಗೊಂಡ, ತೆಗೆದುಹಾಕಲ್ಪಟ್ಟ, ಬಿಡುಗಡೆಯಾದ ಅಥವಾ ನಿವೃತ್ತನಾದ ಪ್ರತಿಯೊಬ್ಬ ಕಿರಿಯ ಕಮಿಷನ್ಡ್ ಅಧಿಕಾರಿ ಮತ್ತು ಸೈನಿಕನಿಗೆ ಅವನ ಪಡೆಯ ಮುಖ್ಯಾಧಿಕಾರಿಯು ಪ್ರಮಾಣಪತ್ರ ಕೊಡತಕ್ಕದ್ದು ಎಂದು ಅದು ವಿಧಿಸುತ್ತದೆ. ಪತ್ರದಲ್ಲಿ ಮೂರು ವಿವರಗಳಿರಬೇಕು: ಸೇವೆಯನ್ನು ಕೊನೆಗೊಳಿಸಿದ ಅಧಿಕಾರ ಯಾವುದು, ಕೊನೆಗೊಳಿಸಿದ ಕಾರಣವೇನು, ಒಟ್ಟು ಸೇವಾವಧಿ ಎಷ್ಟು. ಪತ್ರವು ಇಂಗ್ಲಿಷಿನಲ್ಲಿಯೂ ಆ ಸೈನಿಕನ ಮಾತೃಭಾಷೆಯಲ್ಲಿಯೂ ಇರಬೇಕು.

ಈ ಕೊನೆಯ ಷರತ್ತು ವಿಶೇಷ ಗಮನಕ್ಕೆ ಅರ್ಹವಾಗಿದೆ. ಸಿಪಾಯಿ ಸೇನೆಯಲ್ಲಿದ್ದಷ್ಟು ಕಾಲ ಅವನ ಮಾತೃಭಾಷೆಗೆ ಅಧಿಕೃತ ಸ್ಥಾನವಿರಲಿಲ್ಲ. ಆಜ್ಞೆಗಳನ್ನು ಅವನು ಹಿಂದೂಸ್ತಾನಿಯಲ್ಲಿ ಕೇಳಿದ. ಬಹುಕಾಲ ರೋಮನ್ ಲಿಪಿಯ ಹಿಂದೂಸ್ತಾನಿಯಲ್ಲೇ ಅಕ್ಷರ ಕಲಿತ. ಸೇನೆಯಿಂದ ಹೊರಡುವ ಗಳಿಗೆಯಲ್ಲಿ ಮಾತ್ರ ಕಾನೂನು ಅವನ ಮಾತೃಭಾಷೆಯನ್ನು ನೆನೆಯುತ್ತದೆ. ಈ ಕಾಗದವನ್ನು ಇನ್ನು ಮುಂದೆ ಓದುವವರು ಸೇನೆಯವರಲ್ಲ, ಊರಿನವರು ಎಂಬ ತಿಳಿವಳಿಕೆ ಆ ವಿಧಿಯ ಹಿಂದೆ ಇದೆ. ಕನ್ನಡಿಗ ಸಿಪಾಯಿಯ ಮಟ್ಟಿಗೆ ಹೇಳುವುದಾದರೆ, ಅವನ ಸೇವೆ ಏಕೆ ಮುಗಿಯಿತು ಎಂಬುದನ್ನು ಕನ್ನಡದಲ್ಲಿ ತಿಳಿಯುವ ಹಕ್ಕನ್ನು ಕಾಯಿದೆಯೇ ಅವನಿಗೆ ನೀಡಿದೆ.

ಬಿಡುಗಡೆ ಪುಸ್ತಕದ ವಿವರಗಳು ಇನ್ನೂ ವಿಸ್ತಾರವಾದವು. ಸೈನಿಕನ ಸಂಖ್ಯೆ, ದರ್ಜೆ, ಹೆಸರು, ಸೇರಿದ ಮತ್ತು ಹೊರಬಂದ ದಿನಾಂಕ, ಹುಟ್ಟಿದ ದಿನಾಂಕ, ಮೈಮೇಲಿನ ಗುರುತುಗಳು, ಪಡೆದ ಪದಕಗಳು, ಕಲಿತ ಕಸುಬು, ವೈದ್ಯಕೀಯ ದರ್ಜೆ, ಹೆಂಡತಿ ಮಕ್ಕಳ ವಿವರ, ಕೊನೆಗೆ ನಡತೆಯ ಬಗೆಗಿನ ತೀರ್ಪು ಅದರಲ್ಲಿರುತ್ತವೆ. ಸಂಬಂಧಪಟ್ಟ ರೆಜಿಮೆಂಟಿನ ದಾಖಲೆ ಕಚೇರಿ ಅದನ್ನು ಸಿದ್ಧಪಡಿಸುತ್ತದೆ. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ಸೇನಾ ಸೇವಾ ದಳ ಮೊದಲಾದವುಗಳಿಂದಾಗಿ ಕರ್ನಾಟಕದ ನೆಲದಲ್ಲಿಯೇ ದೇಶದ ನಾನಾ ಭಾಗದ ಸಿಪಾಯಿಗಳ ಇಂಥ ಕಾಗದಗಳು ರೂಪುಗೊಂಡಿವೆ. ಪಿಂಚಣಿಗೆ ಅರ್ಹನಾದವನಿಗೆ ಇದರೊಡನೆ 'ಪಿ.ಪಿ.ಓ.' ಎಂದು ಕರೆಯಲಾಗುವ ಪಿಂಚಣಿ ಪಾವತಿ ಆದೇಶ ಬರುತ್ತದೆ. ಇವೆರಡರ ಕಾರ್ಯ ಬೇರೆ. ಪಿಂಚಣಿ ಆದೇಶವು ಹಣಕ್ಕೆ ಸಂಬಂಧಿಸಿದುದು. ಬಿಡುಗಡೆ ಪುಸ್ತಕವು ವ್ಯಕ್ತಿಗೆ ಸಂಬಂಧಿಸಿದುದು.

'ಕಾರಣ'ವೆಂಬ ಕಲಂ

ಇಷ್ಟು ವಿವರಗಳ ನಡುವೆ ಎಲ್ಲಕ್ಕಿಂತ ಭಾರವಾದುದು ಬಿಡುಗಡೆಯ ಕಾರಣವನ್ನು ನಮೂದಿಸುವ ಕಲಂ. 1954ರ ಸೇನಾ ನಿಯಮಗಳ 13ನೆಯ ನಿಯಮವು ಕಾರಣಗಳನ್ನೂ ಪ್ರತಿ ಕಾರಣಕ್ಕೆ ಆಜ್ಞೆ ಮಾಡಬಲ್ಲ ಅಧಿಕಾರಿಗಳನ್ನೂ ಕೋಷ್ಟಕ ರೂಪದಲ್ಲಿ ಕೊಡುತ್ತದೆ. ಸೇರುವಾಗ ಒಪ್ಪಿದ ಅವಧಿ ಪೂರೈಸಿದ್ದು, ಸೇವೆಗೆ ದೇಹ ಅಸಮರ್ಥವಾದದ್ದು, ಸ್ವಂತ ಕೋರಿಕೆಯಿಂದ ಅವಧಿಗೆ ಮುನ್ನ ಬಿಟ್ಟದ್ದು ಎಂಬ ಸ್ಪಷ್ಟ ವರ್ಗಗಳ ಕೊನೆಯಲ್ಲಿ 'ಇತರ ಎಲ್ಲ ಬಗೆಯ ಬಿಡುಗಡೆ' ಎಂಬ ವರ್ಗವಿದೆ. 'ಸೇವೆ ಇನ್ನು ಅಗತ್ಯವಿಲ್ಲ' ಎಂಬ ಮಾತು ಬಳಕೆಗೆ ಬರುವುದು ಇಂಥಲ್ಲಿ. ಇದರ ಭಾಷೆ ಸೌಮ್ಯವಾದುದು; ಅದರಲ್ಲಿ ಆರೋಪವಿಲ್ಲ, ಬೈಗುಳವಿಲ್ಲ. ಆದರೆ ಓದಬಲ್ಲವರಿಗೆ ಅದು ಏನನ್ನೋ ಹೇಳುತ್ತದೆ, ಏನನ್ನು ಹೇಳುತ್ತದೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಸಿಪಾಯಿ ಅದಕ್ಕೆ ಉತ್ತರ ಕೊಡಲು ಹೋದರೆ ಇಲ್ಲದ ಆರೋಪಕ್ಕೆ ಉತ್ತರ ಕೊಟ್ಟಂತಾಗುತ್ತದೆ.

ಈ ವರ್ಗದೊಡನೆ ತಳಕು ಹಾಕಿಕೊಂಡದ್ದು ಕೆಂಪು ಶಾಯಿಯ ನಮೂದು. ಕೆಲವು ಬಗೆಯ ಶಿಕ್ಷೆಗಳನ್ನು ಸಿಪಾಯಿಯ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ದಾಖಲಿಸುವ ಪದ್ಧತಿಯಿದ್ದು, ಅಂಥ ನಾಲ್ಕು ನಮೂದುಗಳಾದರೆ ಅವನನ್ನು ಅನಪೇಕ್ಷಿತನೆಂದು ಪರಿಗಣಿಸಿ ಬಿಡುಗಡೆ ಮಾಡಬಹುದೆಂಬ ಆಡಳಿತಾತ್ಮಕ ಸೂಚನೆ ರೂಢಿಯಲ್ಲಿತ್ತು. ಸಿಪಾಯಿಗೆ ಪಿಂಚಣಿ ದೊರೆಯಲು ಸಾಮಾನ್ಯವಾಗಿ 15 ವರ್ಷಗಳ ಸೇವೆ ಬೇಕು. ಹನ್ನೆರಡು ಹದಿಮೂರು ವರ್ಷ ದುಡಿದವನು ನಾಲ್ಕನೆಯ ಕೆಂಪು ಗೆರೆಯಿಂದ ಜೀವಮಾನದ ಪಿಂಚಣಿಯನ್ನೇ ಕಳೆದುಕೊಳ್ಳುವ ಸ್ಥಿತಿಯಿತ್ತು. ನಾಲ್ಕು ನಮೂದುಗಳಾದವು ಎಂಬ ಒಂದೇ ಕಾರಣಕ್ಕೆ ಬಿಡುಗಡೆ ಯಾಂತ್ರಿಕವಾಗಿ ನಡೆಯಬಾರದು. ಪ್ರಾಥಮಿಕ ವಿಚಾರಣೆ ಆಗಬೇಕು. ಸೇವೆಯ ಉದ್ದ, ದುರ್ಗಮ ಸ್ಥಳಗಳಲ್ಲಿ ಮಾಡಿದ ಕರ್ತವ್ಯ ಇವುಗಳನ್ನು ತೂಗಿ ನೋಡಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2015ರ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿತು. ಗೆರೆಗಳನ್ನು ಎಣಿಸಬೇಡಿ, ಮನುಷ್ಯನನ್ನು ನೋಡಿ ಎಂಬುದು ಆ ತೀರ್ಪಿನ ಸಾರ.

ದೇಹದ ಅಸಮರ್ಥತೆಯಿಂದ ಬಿಡುಗಡೆಯಾದವರ ಸಮಸ್ಯೆ ಮತ್ತೊಂದು ಬಗೆಯದು. ಇಲ್ಲಿ ಪ್ರಶ್ನೆ ಕಾಯಿಲೆ ಇದೆಯೇ ಎಂಬುದಲ್ಲ, ಅದು ಯಾರದು ಎಂಬುದು. ಕಾಯಿಲೆ ಸೇವೆಯಿಂದ ಉಂಟಾಯಿತು ಅಥವಾ ಸೇವೆಯಿಂದ ಉಲ್ಬಣಿಸಿತು ಎಂದು ವೈದ್ಯಕೀಯ ಮಂಡಳಿ ಬರೆದರೆ ಅಂಗವೈಕಲ್ಯ ಪಿಂಚಣಿಯ ದಾರಿ ತೆರೆಯುತ್ತದೆ. ಎರಡೂ ಅಲ್ಲವೆಂದು ಬರೆದರೆ ಆ ದಾರಿ ಮುಚ್ಚುತ್ತದೆ. ಸಿಗ್ನಲ್ಸ್ ದಳಕ್ಕೆ 1985ರಲ್ಲಿ ಸೇರಿ, ಮೂರ್ಛೆರೋಗದ ಕಾರಣದಿಂದ 1994ರಲ್ಲಿ ಹೊರಬಂದ ಸಿಪಾಯಿಯೊಬ್ಬರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2013ರ ಜುಲೈನಲ್ಲಿ ಮಹತ್ವದ ತತ್ವವನ್ನು ನಿರೂಪಿಸಿತು. ಸೇರುವಾಗಿನ ದಾಖಲೆಯಲ್ಲಿ ಕಾಯಿಲೆಯ ಪ್ರಸ್ತಾಪವಿಲ್ಲದಿದ್ದರೆ ಸೈನಿಕನು ಆಗ ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು. ನಂತರ ಬಂದ ಕಾಯಿಲೆಗೆ ಸೇವೆ ಕಾರಣವಲ್ಲವೆಂದು ಸಾಧಿಸುವ ಹೊಣೆ ಸೈನಿಕನದಲ್ಲ, ಸರ್ಕಾರದ್ದು. ಹೀಗೆ ಹೊರಬರುವ ಕಾಗದವನ್ನು ಒಳಹೋಗುವ ಕಾಗದದೊಡನೆ ಇಟ್ಟು ಓದುವ ಕ್ರಮವನ್ನು ನ್ಯಾಯಾಲಯ ಗಟ್ಟಿಗೊಳಿಸಿತು. 2007ರ ಕಾಯಿದೆಯಂತೆ ಸ್ಥಾಪನೆಗೊಂಡು 2009ರಿಂದ ಕಾರ್ಯನಿರ್ವಹಿಸುತ್ತಿರುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮುಂದೆ ಬರುವ ವ್ಯಾಜ್ಯಗಳಲ್ಲಿ ಈ ಬಗೆಯ ಪಿಂಚಣಿ ತಕರಾರುಗಳಿಗೆ ದೊಡ್ಡ ಪಾಲಿದೆ.

ಕಳಂಕವೇ ಸಾಕ್ಷಿಯಾದ ಬಗೆ

ಕಾರಣದ ಕಲಂ ಶಾಶ್ವತವೆಂದು ತೋರಿದರೂ ಅದರ ಅರ್ಥ ಶಾಶ್ವತವಲ್ಲ. ಇದಕ್ಕೆ ಆಜಾದ್ ಹಿಂದ್ ಫೌಜಿನ ಸೈನಿಕರ ಉದಾಹರಣೆಗಿಂತ ಉತ್ತಮವಾದುದು ಮತ್ತೊಂದಿಲ್ಲ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಬ್ರಿಟಿಷ್ ಅಧಿಕಾರಿಗಳು ಸೆರೆಸಿಕ್ಕ ಈ ಸೈನಿಕರನ್ನು ಬಿಳಿ, ಬೂದು, ಕಪ್ಪು ಎಂದು ಮೂರು ಬಣ್ಣಗಳಲ್ಲಿ ವಿಂಗಡಿಸಿದರು. ಬಿಳಿಯವರಿಗೆ ಸೇವೆಗೆ ಮರಳುವ ಅವಕಾಶ, ಬೂದಿಯವರಿಗೆ ಬಿಡುಗಡೆ, ಕಪ್ಪಿನವರಿಗೆ ವಜಾ ಅಥವಾ ವಿಚಾರಣೆ. 1945ರ ನವೆಂಬರ್‌ನಲ್ಲಿ ಕೆಂಪುಕೋಟೆಯಲ್ಲಿ ಆರಂಭವಾದ ಮೊದಲ ಮೊಕದ್ದಮೆಯಲ್ಲಿ ಷಾ ನವಾಜ್ ಖಾನ್, ಪ್ರೇಮ್ ಸೆಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಅವರಿಗೆ ಜೀವಾವಧಿ ಗಡೀಪಾರಿನ ಶಿಕ್ಷೆಯಾಯಿತು. ದೇಶದ ಜನಾಭಿಪ್ರಾಯದ ಒತ್ತಡದ ನಡುವೆ 1946ರ ಜನವರಿಯಲ್ಲಿ ದಂಡನಾಯಕ ಆಕಿನ್‌ಲೆಕ್ ಗಡೀಪಾರನ್ನು ಮನ್ನಿಸಿದನು. ಆದರೆ ಸೇವೆಯಿಂದ ವಜಾ ಮತ್ತು ಬಾಕಿ ವೇತನದ ಮುಟ್ಟುಗೋಲನ್ನು ಹಾಗೆಯೇ ಉಳಿಸಿದನು. ಸೆರೆಮನೆಯ ಬಾಗಿಲು ತೆರೆಯಿತು. ಕಾಗದದ ಮೇಲಿನ ಮಾತು ಉಳಿಯಿತು.

ಸ್ವಾತಂತ್ರ್ಯಾನಂತರವೂ ಈ ಸೈನಿಕರನ್ನು ಸೇನೆಗೆ ಮರಳಿ ಸೇರಿಸಿಕೊಳ್ಳಲಿಲ್ಲ. ಊರಿನಲ್ಲಿ ವೀರರು, ದಾಖಲೆಯಲ್ಲಿ ವಜಾಗೊಂಡವರು ಎಂಬ ಇಬ್ಬಂದಿ ಎರಡೂವರೆ ದಶಕ ನಡೆಯಿತು. ಸ್ವಾತಂತ್ರ್ಯದ ಬೆಳ್ಳಿಹಬ್ಬದ ದಿನವಾದ 1972ರ ಆಗಸ್ಟ್ 15ರಿಂದ ಕೇಂದ್ರ ಸರ್ಕಾರದ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಯೋಜನೆ ಜಾರಿಗೆ ಬಂದಾಗ ಆಜಾದ್ ಹಿಂದ್ ಫೌಜಿನವರೂ ಅದರ ವ್ಯಾಪ್ತಿಗೆ ಬಂದರು. ಹೋರಾಟದಲ್ಲಿ ಭಾಗವಹಿಸಿದ್ದಕ್ಕಾಗಿ ಸರ್ಕಾರಿ ಕೆಲಸ ಕಳೆದುಕೊಂಡದ್ದೂ ಅರ್ಹತೆಗಳಲ್ಲಿ ಒಂದೆನಿಸಿತು. 1946ರ ಫೆಬ್ರವರಿಯ ನೌಕಾಪಡೆಯ ಬಂಡಾಯವೂ ಹೋರಾಟದ ಪಟ್ಟಿಗೆ ಸೇರಿತು. ಯಾವ ಕಾಗದ ದ್ರೋಹದ ಗುರುತಾಗಿತ್ತೋ ಅದೇ ಕಾಗದ ತ್ಯಾಗದ ಸಾಕ್ಷಿಯಾಯಿತು. ಅಕ್ಷರ ಬದಲಾಗಲಿಲ್ಲ, ಓದುವ ಪ್ರಭುತ್ವ ಬದಲಾಯಿತು.

ಊರಿನ ಓದು

ಪ್ರಭುತ್ವದ ಓದಿಗೂ ಊರಿನ ಓದಿಗೂ ವ್ಯತ್ಯಾಸವಿದೆ. ಊರು ಬಿಡುಗಡೆ ಪುಸ್ತಕದಿಂದ ಆರಿಸಿಕೊಳ್ಳುವುದು ಮುಖ್ಯವಾಗಿ ದರ್ಜೆಯನ್ನು. ಹವಾಲ್ದಾರ, ಸುಬೇದಾರ ಎಂಬ ಕೊನೆಯ ದರ್ಜೆ ಮರಳಿದವನ ಹೆಸರಿಗೆ ಅಂಟಿಕೊಂಡು ಮನೆತನದ ಗುರುತಾಗುವುದುಂಟು. ನಾಯಕ, ದಳವಾಯಿ ಮುಂತಾದ ಹಳೆಯ ಪದವಿಗಳು ಅಡ್ಡಹೆಸರುಗಳಾದ ಕ್ರಮದ ಮುಂದುವರಿಕೆಯನ್ನು ಇಲ್ಲಿ ಕಾಣಬಹುದು. ಕೊಡಗಿನಂಥ ಪ್ರದೇಶದಲ್ಲಿ ಸೇನಾದರ್ಜೆಯು ಸಾಮಾಜಿಕ ಸಂಬೋಧನೆಯ ಸಹಜ ಭಾಗವೇ ಆಗಿದೆ.

ಇದಕ್ಕೆ ವಿರುದ್ಧವಾದ ಚಲನೆಯೂ ಕನ್ನಡ ಭಾಷೆಯಲ್ಲಿ ದಾಖಲಾಗಿದೆ. ಜವಾನ, ಸಿಪಾಯಿ, ದಫೇದಾರ, ಜಮಾದಾರ ಇವೆಲ್ಲ ಸೈನ್ಯಕ್ಕೆ ಸಂಬಂಧಿಸಿದ ಪದಗಳು. ಆದರೆ ಕರ್ನಾಟಕದ ಕಚೇರಿಗಳಲ್ಲಿ ಜವಾನ ಮತ್ತು ಸಿಪಾಯಿ ಎಂದರೆ ಕಡತ ಒಯ್ಯುವವನು. ದಫೇದಾರನೆಂದರೆ ಅಧಿಕಾರಿಯ ಬಾಗಿಲಲ್ಲಿ ನಿಲ್ಲುವವನು. ಸೇನೆಯಲ್ಲಿ ಗೌರವದ ಸ್ಥಾನವಾಗಿದ್ದ ಜಮಾದಾರ ದರ್ಜೆಯ ಹೆಸರನ್ನು 1965ರಲ್ಲಿ ನಾಯಬ್ ಸುಬೇದಾರ ಎಂದು ಬದಲಾಯಿಸಬೇಕಾಯಿತು. ನಾಗರಿಕ ಬಳಕೆಯಲ್ಲಿ ಆ ಪದ ಅಷ್ಟು ಕೆಳಗಿಳಿದಿತ್ತು. ಸೈನಿಕನು ಸಮವಸ್ತ್ರ ಕಳಚಿ ನಾಗರಿಕ ಉದ್ಯೋಗಕ್ಕೆ ಬಂದಾಗ ಎದುರಿಸುವ ಇಳಿತವನ್ನು ಈ ಪದಗಳ ಇಳಿತ ನೆನಪಿಸುತ್ತದೆ. ಕೇಂದ್ರ ಸರ್ಕಾರದ 'ಸಿ' ಗುಂಪಿನ ಹುದ್ದೆಗಳಲ್ಲಿ ಶೇ. 10ರಷ್ಟು, 'ಡಿ' ಗುಂಪಿನಲ್ಲಿ ಶೇ. 20ರಷ್ಟು ಮಾಜಿ ಸೈನಿಕರಿಗೆ ಮೀಸಲಿಟ್ಟ ವ್ಯವಸ್ಥೆ ಉಪಕಾರಕವಾದರೂ, ದೊಡ್ಡ ಪಾಲು ಕೆಳಗಿನ ಗುಂಪಿಗೇ ಸಂದದ್ದು ಇಲ್ಲಿ ನೆನೆಯತಕ್ಕದ್ದು. 'ಮಾಜಿ ಸೈನಿಕ' ಎಂಬ ವ್ಯಾಖ್ಯೆಯೊಳಗೆ ಬರಲು ಮತ್ತೆ ಬಿಡುಗಡೆಯ ಕಾರಣವೇ ಆಧಾರ. ದುರ್ನಡತೆಗಾಗಿ ವಜಾಗೊಂಡವನಿಗೆ ಅಲ್ಲಿ ಸ್ಥಳವಿಲ್ಲ.

ಜಾತಿಯಿಂದ ನೆಲ ಸಿಗದವರಿಗೆ ಸೇನಾಸೇವೆಯ ದಾಖಲೆ ಬೇರೊಂದು ಬಲವನ್ನು ತಂದಿತು. ಇಂದಿನ ಬೆಳಗಾವಿ, ಧಾರವಾಡ, ವಿಜಯಪುರ ಪ್ರದೇಶಗಳನ್ನೂ ಒಳಗೊಂಡಿದ್ದ ಮುಂಬಯಿ ಪ್ರಾಂತದಲ್ಲಿ 1890ರ ದಶಕದ ಆರಂಭದ ಹೊತ್ತಿಗೆ ಮಹಾರರ ಸೇನಾ ನೇಮಕಾತಿ ನಿಂತಿತು. ಅದರ ವಿರುದ್ಧ ಮನವಿ ಸಿದ್ಧಪಡಿಸಿದ ಗೋಪಾಲ ಬಾಬಾ ವಲಂಗಕರ್ ಸ್ವತಃ ನಿವೃತ್ತ ಸೈನಿಕರು. ಡಾ. ಬಿ.ಆರ್. ಅಂಬೇಡ್ಕರ್ ಅವರ ತಂದೆ ರಾಮಜಿ ಸಕಪಾಲರೂ ಸೇನೆಯಲ್ಲಿ ಸುಬೇದಾರರಾಗಿದ್ದವರು. ಊರು ಅವರನ್ನು ಜಾತಿಯಿಂದ ಗುರುತಿಸಿದರೆ ಸೇನೆಯ ಕಾಗದ ಸೇವೆಯಿಂದ ಗುರುತಿಸಿತ್ತು. ಪ್ರಭುತ್ವವು ತಾನೇ ಬರೆದುಕೊಟ್ಟ ಮಾತನ್ನು ಅದರ ಮುಂದೆಯೇ ಹಿಡಿದು ಹಕ್ಕು ಕೇಳುವ ಸಾಧ್ಯತೆ ಇದರಿಂದ ಒದಗಿತು.

ಹೆಸರಿನ ತೊಡಕು

ಜನಪದ ಸಮಾಜದಲ್ಲಿ ವ್ಯಕ್ತಿಗೆ ಒಂದೇ ಹೆಸರು ಇರುವುದಿಲ್ಲ. ತೊಟ್ಟಿಲ ಹೆಸರು, ಕರೆಯುವ ಹೆಸರು, ಮನೆದೇವರ ಹೆಸರು ಜೊತೆಜೊತೆಗೆ ನಡೆಯುತ್ತವೆ. ಹಳೆಯ ಮೈಸೂರು ಭಾಗದಲ್ಲಿ ಅಡ್ಡಹೆಸರಿನ ಬದಲು ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಿರುತ್ತವೆ. ಉತ್ತರ ಕರ್ನಾಟಕದ ಹಲವು ಮನೆತನಗಳಲ್ಲಿ ಮದುವೆಯಾದ ಹೆಣ್ಣಿಗೆ ಗಂಡನ ಮನೆಯಲ್ಲಿ ಹೊಸ ಹೆಸರಿಡುವ ರೂಢಿಯಿದೆ. ಬಿಡುಗಡೆ ಪುಸ್ತಕ ಒಪ್ಪುವುದು ಒಂದೇ ಹೆಸರನ್ನು, ಒಂದೇ ಕಾಗುಣಿತವನ್ನು. ಕನ್ನಡ ಬಾರದ ಗುಮಾಸ್ತನ ಕಿವಿಗೆ ಕೇಳಿದಂತೆ ಬರೆದ ಇಂಗ್ಲಿಷ್ ಅಕ್ಷರಗಳು ಅಧಿಕೃತವಾಗುತ್ತವೆ. ಜನನ ನೋಂದಣಿ ಇಲ್ಲದ ಕಾಲದಲ್ಲಿ ಭರ್ತಿಯಾದವರ ಹುಟ್ಟಿದ ದಿನಾಂಕವೂ ಅಂದಾಜಿನದೇ.

ಸಿಪಾಯಿ ಬದುಕಿರುವಷ್ಟು ಕಾಲ ಈ ವ್ಯತ್ಯಾಸಗಳು ಸಣ್ಣವಾಗಿ ಕಾಣುತ್ತವೆ. ಅವನ ಮರಣಾನಂತರ ಕುಟುಂಬ ಪಿಂಚಣಿ ಕೋರುವ ಹೆಂಡತಿ, ಪುಸ್ತಕದಲ್ಲಿರುವ ಹೆಸರಿನವಳು ತಾನೇ ಎಂದು ಸಾಧಿಸಬೇಕಾಗುತ್ತದೆ. ಮದುವೆಯ ಸಂಗತಿಯನ್ನು ಸೇವೆಯಲ್ಲಿದ್ದಾಗಲೇ 'ಪಾರ್ಟ್ ಟೂ ಆರ್ಡರ್' ಎಂಬ ಪ್ರಕಟಣೆಯ ಮೂಲಕ ದಾಖಲಿಸದಿದ್ದರೆ ತೊಡಕು ಹೆಚ್ಚು. ಊರೆಲ್ಲ ಬಲ್ಲ ದಾಂಪತ್ಯವನ್ನು ಪ್ರಮಾಣಪತ್ರ, ಪತ್ರಿಕಾ ಪ್ರಕಟಣೆ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಶಿಫಾರಸುಗಳ ಮೂಲಕ ಮತ್ತೆ ಸ್ಥಾಪಿಸಬೇಕು. ಬಾಯಿಮಾತಿನ ಸಾಕ್ಷ್ಯವನ್ನು ನೆಚ್ಚಿದ ಸಮಾಜಕ್ಕೂ ಬರೆದ ಸಾಕ್ಷ್ಯವನ್ನು ಮಾತ್ರ ನೆಚ್ಚುವ ವ್ಯವಸ್ಥೆಗೂ ನಡುವಿನ ಘರ್ಷಣೆಯ ಭಾರವನ್ನು ಹೀಗೆ ಬಹುಮಟ್ಟಿಗೆ ಹೊರುವವಳು ಹೆಣ್ಣು.

ಕಡತ ಮತ್ತು ಟ್ರಂಕು

ಮನೆಯ ಟ್ರಂಕಿನಲ್ಲಿರುವ ಪ್ರತಿಗೆ ಇಷ್ಟು ಬೆಲೆ ಬರಲು ಇನ್ನೊಂದು ಕಾರಣವಿದೆ. ಪಿಂಚಣಿ ಪಡೆಯದೆ ಹೊರಬಂದ ಸೈನಿಕರ ಸೇವಾ ಕಡತಗಳನ್ನು ದಾಖಲೆ ಕಚೇರಿಗಳು 25 ವರ್ಷಗಳ ನಂತರ ನಾಶಪಡಿಸುವ ಪದ್ಧತಿಯಿದೆ. 'ಲಾಂಗ್ ರೋಲ್' ಎಂಬ ಸಂಕ್ಷಿಪ್ತ ಪಟ್ಟಿ ಮಾತ್ರ ಉಳಿಯುತ್ತದೆ. ತಡವಾಗಿ ಹಕ್ಕು ಕೇಳಲು ಬಂದವರಿಗೆ ಕಡತ ಲಭ್ಯವಿಲ್ಲ ಎಂಬ ಉತ್ತರ ದೊರೆತ ಸಂದರ್ಭಗಳು ನ್ಯಾಯಮಂಡಳಿಯ ಮೊಕದ್ದಮೆಗಳಲ್ಲಿವೆ. ಇತರ ದೇಶಗಳೂ ಇಂಥ ನಷ್ಟಕ್ಕೆ ಹೊರತಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನ ದಾಖಲೆ ಕೇಂದ್ರದಲ್ಲಿ 1973ರ ಜುಲೈ 12ರಂದು ಸಂಭವಿಸಿದ ಬೆಂಕಿಯಲ್ಲಿ 1.6ರಿಂದ 1.8 ಕೋಟಿ ಸೈನಿಕರ ಕಡತಗಳು ಸುಟ್ಟುಹೋದವು. ಅಂಥಲ್ಲಿ ಮನೆಯಲ್ಲಿ ಉಳಿದ ಬಿಡುಗಡೆ ಪತ್ರವೇ ಸೇವೆಯ ಮುಖ್ಯ ಪುರಾವೆಗಳಲ್ಲಿ ಒಂದಾಯಿತು. ಪ್ರಭುತ್ವದ ನೆನಪು ನಾಶವಾದಾಗಲೂ ಮನೆಯ ನೆನಪು ಉಳಿಯಬಹುದು ಎಂಬುದಕ್ಕೆ ಇದು ನಿದರ್ಶನ. ಭಾರತದಲ್ಲಿ ಈಚಿನ ವರ್ಷಗಳಲ್ಲಿ ರಕ್ಷಣಾ ಪಿಂಚಣಿಯನ್ನು 'ಸ್ಪರ್ಶ್' ಎಂಬ ಗಣಕೀಕೃತ ವ್ಯವಸ್ಥೆಗೆ ಒಳಪಡಿಸಲಾಗಿದ್ದು, ಹಳೆಯ ಕಾಗದದ ಹೆಸರು ಮತ್ತು ದಿನಾಂಕಗಳ ವ್ಯತ್ಯಾಸಗಳು ಅಲ್ಲಿ ಮತ್ತೆ ಮುನ್ನೆಲೆಗೆ ಬರುತ್ತವೆ.

ಉಪಸಂಹಾರ

2022ರ ಜೂನ್‌ನಲ್ಲಿ ಘೋಷಿತವಾದ ಅಗ್ನಿಪಥ ಯೋಜನೆಯು ಸಿಪಾಯಿಯ ಸೇವಾವಧಿಯನ್ನು ನಾಲ್ಕು ವರ್ಷಗಳಿಗೆ ಇಳಿಸಿತು. ಅವಧಿ ಮುಗಿಸಿದವರಲ್ಲಿ ಶೇ. 25ರವರೆಗೆ ಸೇನೆಯಲ್ಲಿ ಮುಂದುವರಿಸುವ, ಉಳಿದವರಿಗೆ ಪಿಂಚಣಿಯ ಬದಲು ಸೇವಾನಿಧಿಯ ಇಡಿಗಂಟು ಮತ್ತು ಕೌಶಲ ಪ್ರಮಾಣಪತ್ರ ನೀಡುವ ಕ್ರಮವನ್ನು ಅದು ರೂಪಿಸಿತು. ಜೀವಮಾನದ ಪಿಂಚಣಿಯಿಲ್ಲದೆ, ಇಪ್ಪತ್ತರ ಹರೆಯದಲ್ಲಿ ಊರಿಗೆ ಮರಳುವವರ ಕೈಯಲ್ಲಿ ಪ್ರಮಾಣಪತ್ರದ ಮಾತುಗಳ ತೂಕ ಇನ್ನಷ್ಟು ಹೆಚ್ಚಲಿದೆ.

ಬಾಳ್ಗಚ್ಚಿನ ಕಾಲದಲ್ಲಿ ಯೋಧನ ಸೇವೆ ಮುಗಿದದ್ದಕ್ಕೆ ಕಲ್ಲು ಮತ್ತು ನೆಲ ಸಾಕ್ಷಿಯಾಗಿದ್ದವು. ಆಧುನಿಕ ಸಿಪಾಯಿಗೆ ಕಾಗದ ಸಾಕ್ಷಿಯಾಯಿತು. ಕಲ್ಲನ್ನು ಊರು ಕಾಯುತ್ತಿತ್ತು, ಕಾಗದವನ್ನು ಅವನೇ ಕಾಯಬೇಕು. ಅದರ ಮೇಲಿನ ಕಾರಣದ ಸಾಲು ಅಧಿಕಾರಿಯ ಲೇಖನಿಯಿಂದ ಬಂದುದಾದರೂ ನ್ಯಾಯಾಲಯ, ಇತಿಹಾಸದ ತಿರುವು ಮತ್ತು ಊರಿನ ಮನ್ನಣೆ ಅದಕ್ಕೆ ಬೇರೆ ಬೇರೆ ಅರ್ಥ ಕೊಟ್ಟಿವೆ. ಆದ್ದರಿಂದ ಕರ್ನಾಟಕದ ಸೈನಿಕ ಮನೆತನಗಳಲ್ಲಿ ಉಳಿದಿರುವ ಈ ಕಾಗದಗಳನ್ನು, ಅವುಗಳ ಸುತ್ತ ಹುಟ್ಟಿದ ಮಾತು, ಹೆಸರು, ನೆನಪುಗಳೊಡನೆ ದಾಖಲಿಸುವ ಕಾರ್ಯ ಆಗಬೇಕಾಗಿದೆ. ವೀರಗಲ್ಲುಗಳ ಪಕ್ಕದಲ್ಲಿಟ್ಟು ಇವುಗಳನ್ನೂ ಅಭ್ಯಸಿಸಿದಾಗ, ದಂಡಿಗೆ ಹೋದವರ ಚರಿತ್ರೆಯಲ್ಲಿ ಮರಳಿ ಬಂದವರ ಅಧ್ಯಾಯವೂ ಸೇರುತ್ತದೆ.